ಡಿಎಂ ಕಾರ್ಡಿಯಾಲಜಿ ಜೊತೆಗೆ ಆರೋಗ್ಯ ನೀತಿ: ಹಾಸನದಿಂದ ದಾರಿ ಹೇಗೆ?

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಎಂಡಿ ಜನರಲ್ ಮೆಡಿಸಿನ್ ಮುಗೀತಾ ಬಂತು. ಮುಂದೆ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್ ಬರೆದು ಡಿಎಂ ಕಾರ್ಡಿಯಾಲಜಿ (ಹೃದ್ರೋಗ ತಜ್ಞರ ಪದವಿ) ಅಂತ ಯೋಚನೆ. ಆದರೆ ಬರೀ ಕ್ಯಾತ್ ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡೋ ಕೋಣೆ) ಸಾಕು ಅನ್ನಿಸ್ತಿಲ್ಲ. ಸಕಲೇಶಪುರದ ಆಚೆ ಎಸ್ಟೇಟಿನಲ್ಲಿ ಎದೆನೋವು ಶುರುವಾದವರು ಯಾಕೆ ಅಷ್ಟು ತಡವಾಗಿ ಬರ್ತಾರೆ, ಯಾವ ಆಸ್ಪತ್ರೆಯಲ್ಲಿ ಯಾವ ಔಷಧಿ ಯಾಕಿರಲ್ಲ, ಇದನ್ನೆಲ್ಲ ಯಾರು ತೀರ್ಮಾನ ಮಾಡ್ತಾರೆ ಅನ್ನೋ ಕಡೆಗೂ ಕೆಲಸ ಮಾಡಬೇಕು. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮೊದಲು ಮಾಡೋದಾ, ಡಿಎಂ ಮೊದಲಾ? ಬೆಂಗಳೂರು, ದೆಹಲಿಗೆ ಹೋಗದೆ ಹಾಸನ, ಚಿಕ್ಕಮಗಳೂರು ಮಟ್ಟದಲ್ಲೇ ಏನಾದ್ರೂ ಶುರು ಮಾಡಬಹುದಾ? ಅಥವಾ ಎರಡು ದೋಣಿಗೆ ಕಾಲಿಟ್ಟವರ ಕಥೆ ಆಗುತ್ತಾ?

ಕಟ್ಟಿನಕೆರೆ_ಇಸಿಜಿ
ಡಿಎಂ ಮೊದಲು. ಇದರಲ್ಲಿ ಚರ್ಚೆಯೇ ಬೇಡ. ಎಂಬಿಬಿಎಸ್ ನಾಲ್ಕೂವರೆ, ಇಂಟರ್ನ್‌ಶಿಪ್ ಒಂದು, ಎಂಡಿ ಮೂರು, ಡಿಎಂ ಮೂರು. ಅಲ್ಲಿಗೇ ಹನ್ನೊಂದೂವರೆ ವರ್ಷ. ಜೊತೆಗೆ ನಮ್ಮ ರಾಜ್ಯದ 2012ರ ಕಡ್ಡಾಯ ಸೇವಾ ಕಾಯ್ದೆ ಇದೆ, ಹುದ್ದೆ ಖಾಲಿ ಇದ್ದ ಕಡೆ ಒಂದು ವರ್ಷ ಸರ್ಕಾರಿ ಸೇವೆಗೆ ಹಾಕಬಹುದು. ಎಂಡಿ ಮುಗಿದ ತಕ್ಷಣ ಮೆಡಿಸಿನ್ ತಲೆಯಲ್ಲಿ ಹಸಿಯಾಗಿರುತ್ತೆ. ಮಧ್ಯೆ ಎರಡು ವರ್ಷ ಎಂಪಿಎಚ್‌ಗೆ ಹೋಗಿ ವಾಪಸ್ ಬಂದು ಎಸ್‌ಎಸ್ ಬರೆಯೋದು ಕಷ್ಟ. ನೀತಿ ನಲವತ್ತನೇ ವಯಸ್ಸಲ್ಲೂ ಕಲೀಬಹುದು. ಆಂಜಿಯೋಪ್ಲಾಸ್ಟಿಯ ವೈರ್ ಕೈಯಲ್ಲಿ ಹಿಡಿಯೋ ಅಭ್ಯಾಸ ಆ ವಯಸ್ಸಲ್ಲಿ ಶುರು ಮಾಡೋಕಾಗಲ್ಲ.

ರತ್ನಗಿರಿ_ಬೋರೆ
ಅರ್ಧ ಒಪ್ತೀನಿ. ಪದವಿ ಆಮೇಲೆ ಬರಲಿ, ಆದರೆ ಎಣಿಸೋದು ಈಗಲೇ ಕಲೀಬೇಕು. ಕೆ. ಶ್ರೀನಾಥ ರೆಡ್ಡಿ ಏಮ್ಸ್‌ನಲ್ಲಿ ಡಿಎಂ ಮಾಡಿದವರು. ಆಮೇಲೆ ಕೆನಡಾದ ಮೆಕ್‌ಮಾಸ್ಟರ್‌ನಲ್ಲಿ ಎಪಿಡೆಮಿಯಾಲಜಿ (ಜನರಲ್ಲಿ ರೋಗದ ಲೆಕ್ಕ ಹಿಡಿಯೋ ವಿದ್ಯೆ) ಕಲಿತು ಬಂದು, ಏಮ್ಸ್ ಕಾರ್ಡಿಯಾಲಜಿ ವಿಭಾಗದ ಮುಖ್ಯಸ್ಥರಾಗಿ, ಕೊನೆಗೆ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾದ ಮೊದಲ ಅಧ್ಯಕ್ಷರಾದರು. ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಎಂಬಿಬಿಎಸ್ ಮಾಡಿದವರು. 2004ರ ಇಂಟರ್‌ಹಾರ್ಟ್ ಅಧ್ಯಯನ ಅವರದ್ದೇ: 52 ದೇಶ, ಒಂಬತ್ತು ಅಪಾಯಕಾರಿ ಅಂಶ, ಹೃದಯಾಘಾತದ ಅಪಾಯದಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಅವುಗಳಿಂದಲೇ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೇ, ಬೇರೆಯವರಿಗೆ 59ರ ಆಸುಪಾಸು ಅಂತ ಗೊತ್ತಾಗಿದ್ದೂ ಅದರಿಂದ. ಇಬ್ಬರೂ ವಾರ್ಡ್ ಬಿಟ್ಟು ಓಡಿದವರಲ್ಲ.

ಮಲ್ನಾಡ್_ಮಾರಾಯ
ಮೊದಲು ಸೀಟು ಸಿಗಲಿ ಮಾರಾಯ್ರೆ, ದೆಹಲಿ ಆಮೇಲೆ ನೋಡ್ವ.

ಚನ್ನರಾಯಪಟ್ಟಣ_ಬಸ್
ನಮ್ಮ ತಾಲ್ಲೂಕಿನವರೇ ಸಿ.ಎನ್. ಮಂಜುನಾಥ್ ಇದ್ದಾರಲ್ಲ. ಜಯದೇವದ ನಿರ್ದೇಶಕರಾಗಿ ‘ಮೊದಲು ಚಿಕಿತ್ಸೆ, ಆಮೇಲೆ ಹಣ’ ಅಂತ ಮಾಡಿದ್ದು ನೀತಿ ಅಲ್ಲದೆ ಇನ್ನೇನು? ಎಂಪಿಎಚ್ ಇಲ್ಲದೇನೇ ಮಾಡಿದ್ರು.

ರತ್ನಗಿರಿ_ಬೋರೆ
ಹೌದು, ಆದರೆ ಅದು ಒಂದು ಸಂಸ್ಥೆಯ ಕೀಲಿಕೈ ಕೈಯಲ್ಲಿದ್ದಾಗ ಆಗುವ ಮಾತು. ಕೀಲಿಕೈ ಇಲ್ಲದ ಮೂವತ್ತರ ಡಾಕ್ಟರ್ ಅಂಕಿ-ಅಂಶ ಹಿಡ್ಕೊಂಡೇ ಬಾಗಿಲು ತಟ್ಟಬೇಕು.

ಎಂಜಿ_ರೋಡ್_ಹಾಸನ
ಅಂಕಿ-ಅಂಶ ಅಂದ್ರಿ, 2025ರ ಮೇ-ಜೂನ್‌ನಲ್ಲಿ ಹಾಸನದಲ್ಲಿ ಸಾಲು ಸಾಲು ಹುಡುಗರು ಹಾರ್ಟ್ ಅಟ್ಯಾಕಲ್ಲಿ ಹೋದ್ರಲ್ಲ, ಅದಕ್ಕೇನು ಹೇಳ್ತೀರಿ? ಎಲ್ಲ ವ್ಯಾಕ್ಸಿನ್ನಿಂದಲೇ ಅಂತ ಊರೆಲ್ಲ ಹೇಳ್ತಿತ್ತು.

ಛೇದ_ಎಲ್ಲಿ
ಊರು ಹೇಳೋದು ಬೇರೆ, ಲೆಕ್ಕ ಬೇರೆ. ಕೈಯಲ್ಲೇ ಮಾಡಿ ನೋಡಿ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆ ಸುಮಾರು 17.76 ಲಕ್ಷ ಜನ. ಸಾವಿನ ದರ ಸಾವಿರಕ್ಕೆ ಆರರಿಂದ ಏಳು ಅಂತ ಹಿಡೀರಿ. ವರ್ಷಕ್ಕೆ ಹತ್ತೂವರೆಯಿಂದ ಹನ್ನೆರಡೂವರೆ ಸಾವಿರ ಸಾವು. ಆ ಗದ್ದಲದ ನಲವತ್ತು ದಿನಕ್ಕೆ ಹೆಚ್ಚುಕಡಿಮೆ ಸಾವಿರದ ಇನ್ನೂರರಿಂದ ಸಾವಿರದ ಮುನ್ನೂರೈವತ್ತು. ದೇಶದಲ್ಲಿ ಒಟ್ಟು ಸಾವಿನ ಕಾಲು ಭಾಗಕ್ಕಿಂತ ಹೆಚ್ಚು ಹೃದಯ, ರಕ್ತನಾಳದ ಕಾಯಿಲೆಯಿಂದ. ಅಂದ್ರೆ ಯಾವ ಗದ್ದಲವೂ ಇಲ್ಲದ ನಲವತ್ತು ದಿನದಲ್ಲೂ ಜಿಲ್ಲೆಯಲ್ಲಿ ಸುಮಾರು ಮುನ್ನೂರು ಇಂಥ ಸಾವು ಆಗ್ತವೆ. ಅದರಲ್ಲಿ ಇಪ್ಪತ್ತು ಚಿಲ್ಲರೆ ಪತ್ರಿಕೆಗೆ ಬಂದ್ರೆ ಅಲೆ ಎದ್ದಿದೆ ಅಂತಲೂ ಹೇಳೋಕಾಗಲ್ಲ, ಎದ್ದಿಲ್ಲ ಅಂತಲೂ ಹೇಳೋಕಾಗಲ್ಲ. ಅದಕ್ಕೆ ವಯಸ್ಸಿನ ಗುಂಪುವಾರು ಹಿಂದಿನ ವರ್ಷಗಳ ಲೆಕ್ಕ ಬೇಕು. ಅದು ಜಿಲ್ಲೆಯಲ್ಲಿ ಯಾರ ಮೇಜಿನ ಮೇಲೂ ಸಿದ್ಧ ಇರಲಿಲ್ಲ, ಸಮಸ್ಯೆ ಅಲ್ಲಿ.

ಜಯದೇವ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವು ನೋಡಿತು. 14 ಮಂದಿ 45ಕ್ಕಿಂತ ಕೆಳಗಿನವರು. ನಾಲ್ಕು ಸಾವು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಹಠಾತ್ ಏರಿಕೆಗೆ ಪುರಾವೆ ಸಿಗಲಿಲ್ಲ ಅಂತ ವರದಿ. ವ್ಯಾಕ್ಸಿನ್ ವಿಚಾರಕ್ಕೆ ಐಸಿಎಂಆರ್‌ನವರ ಅಧ್ಯಯನ ಇದೆ: 18ರಿಂದ 45ರವರ ಹಠಾತ್ ಸಾವು, 47 ಆಸ್ಪತ್ರೆ, 2023. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಕುಟುಂಬದಲ್ಲಿ ಹಠಾತ್ ಸಾವು, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಮಿತಿ ಮೀರಿ ಕುಡಿದದ್ದು, ವಿಪರೀತ ಕಸರತ್ತು ಇವು ಹೆಚ್ಚಿಸಿದ್ದವು.

ಎಂಜಿ_ರೋಡ್_ಹಾಸನ
ಸರಿ, ವ್ಯಾಕ್ಸಿನ್ ಬಿಟ್ಟೆ. ಆದರೆ ಮೂವತ್ತು ವರ್ಷದವರು ಸಾಯೋದು ಸಹಜ ಅಂತೀರಾ?

ಛೇದ_ಎಲ್ಲಿ
ಸಹಜ ಅಂದಿಲ್ಲ. ಹಳೇ ರೋಗ, ಹೊಸ ಸುದ್ದಿ ಅಂದೆ.

ಫಾರಂ_ನಾಲ್ಕು
ಇಲ್ಲೇ ನೋಡಿ ಹೇಮಾವತಿಯವರೇ, ನೀತಿಯ ಕೆಲಸ ಎಲ್ಲಿಂದ ಶುರುವಾಗುತ್ತೆ ಅಂತ. ಸಾವಿನ ಕಾರಣದ ಪ್ರಮಾಣಪತ್ರ. ಆಸ್ಪತ್ರೆಯೊಳಗಿನ ಸಾವಿಗೆ ಫಾರಂ 4, ಮನೆಯಲ್ಲಿ ಸತ್ತರೆ 4ಎ. ಅದರ ಮೊದಲ ಭಾಗದಲ್ಲಿ ಸಾಲುಗಳಿವೆ: ಮೇಲಿನ ಸಾಲಿಗೆ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ದಾರಿಯಾದದ್ದು, ಅತ್ಯಂತ ಕೆಳಗಿನ ಸಾಲಿನಲ್ಲಿ ಮೂಲ ಕಾರಣ. ಎರಡನೇ ಭಾಗದಲ್ಲಿ ಸಕ್ಕರೆ ಕಾಯಿಲೆಯಂಥ ಜೊತೆಗಾರ ಕಾಯಿಲೆಗಳು. ನಮ್ಮ ಹೌಸ್ ಸರ್ಜನ್‌ಗಳು ರಾತ್ರಿ ಎರಡು ಗಂಟೆಗೆ ಬರೆಯೋದು ಒಂದೇ ಸಾಲು, ‘ಕಾರ್ಡಿಯೋ ಪಲ್ಮನರಿ ಅರೆಸ್ಟ್’. ಸತ್ತವರೆಲ್ಲರ ಹೃದಯವೂ ನಿಂತಿರುತ್ತೆ ಸ್ವಾಮಿ! ಅದು ಸತ್ತ ರೀತಿ, ಕಾರಣ ಅಲ್ಲ. ಸೆಪ್ಸಿಸ್ (ಮೈಯೆಲ್ಲ ಏರಿದ ಸೋಂಕು), ಹಾವು ಕಚ್ಚಿದ್ದು, ವಿಷ ಕುಡಿದದ್ದು ಎಲ್ಲವೂ ಆ ಒಂದು ಸಾಲಿನೊಳಗೆ ಕರಗಿಹೋಗ್ತವೆ.

ಸರಿಯಾದ್ದು ಹೇಗಿರಬೇಕು ಅಂದ್ರೆ: ಮೇಲೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ (ಬಡಿತ ತಪ್ಪಿ ಹೃದಯ ಅದುರೋದು), ಕೆಳಗೆ ಆಂಟೀರಿಯರ್ ವಾಲ್ ಎಂಐ (ಹೃದಯದ ಮುಂಭಾಗದ ಹೃದಯಾಘಾತ), ಅದರ ಕೆಳಗೆ ಕರೋನರಿ ಅಥೆರೋಸ್ಕ್ಲೆರೋಸಿಸ್ (ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿದ್ದು). ಪ್ರತಿ ಸಾಲಿನ ಪಕ್ಕ ರೋಗ ಶುರುವಾಗಿ ಎಷ್ಟು ಹೊತ್ತಾಗಿತ್ತು ಅನ್ನೋ ಅಂಕಣ ಇದೆ, ಅದನ್ನಂತೂ ಯಾರೂ ತುಂಬಲ್ಲ. ಆಸ್ಪತ್ರೆಯ ಹೊರಗಿನ ಹಠಾತ್ ಸಾವನ್ನು ಅಧಿಸೂಚಿತ (ಕಡ್ಡಾಯವಾಗಿ ವರದಿ ಮಾಡಬೇಕಾದ್ದು) ಮಾಡಿ, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಹಾಸನದ ಗದ್ದಲ ಆದ ಮೇಲೆ ಸರ್ಕಾರ ಹೇಳಿದ್ದು ಇದಕ್ಕೇ. ಆದೇಶ ಬಂದ್ರೂ ಫಾರಂ ತುಂಬೋ ಕೈ ಅದೇ. ಡಿಪಾರ್ಟ್‌ಮೆಂಟಿನಲ್ಲಿ ಇಂಟರ್ನ್‌ಗಳಿಗೆ ಒಂದು ಗಂಟೆ ಪಾಠ ಮಾಡಿ, ಮೂರು ತಿಂಗಳ ಹಿಂದಿನ ಫಾರಂ, ಮುಂದಿನ ಮೂರು ತಿಂಗಳ ಫಾರಂ ಹೋಲಿಸಿ ನೋಡಿ. ಖರ್ಚು ಸೊನ್ನೆ.

ಮಲ್ನಾಡ್_ಮಾರಾಯ
ಇದು ಚೆನ್ನಾಗಿದೆ. ಆದರೆ ಸತ್ತವರ ಲೆಕ್ಕ ಆಯ್ತು, ಬದುಕಿಸೋದು?

ಘಾಟಿ_ಆಂಬುಲೆನ್ಸ್
ಬದುಕಿಸೋದಕ್ಕೆ ಬರ್ತೀನಿ. ಹೃದಯಾಘಾತದ ರೋಗಿಗಳ ದಾಖಲೆ, ಕ್ರಿಯೇಟ್ ರಿಜಿಸ್ಟ್ರಿ ಅಂತ 2008ರಲ್ಲಿ ಪ್ರಕಟವಾಯ್ತು, ದೇಶದ 89 ಆಸ್ಪತ್ರೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳು. ನೋವು ಶುರುವಾಗಿ ಆಸ್ಪತ್ರೆ ಸೇರೋಕೆ ಮೀಡಿಯನ್ ಅವಧಿ 360 ನಿಮಿಷ, ಅಂದ್ರೆ ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು. ಆಸ್ಪತ್ರೆ ಸೇರಿದ ಮೇಲೆ ಹೆಪ್ಪು ಕರಗಿಸೋ ಔಷಧಿಗೆ 50 ನಿಮಿಷ. ಎಲ್ಲಿ ಹೊತ್ತು ಕಳೀತಿದೆ ನೋಡಿ. ಮನೆಯಲ್ಲಿ, ಮೆಡಿಕಲ್ ಶಾಪಿನಲ್ಲಿ, ‘ಗ್ಯಾಸ್ಟ್ರಿಕ್’ ಅಂತ ಸೋಡಾ ಕುಡಿಯೋದರಲ್ಲಿ, ಗಾಡಿ ಹುಡುಕೋದರಲ್ಲಿ.

ನಿಯಮ ಎಲ್ಲರಿಗೂ ಗೊತ್ತು: ಮೊದಲ ಭೇಟಿಯಾಗಿ ಹತ್ತು ನಿಮಿಷದೊಳಗೆ ಇಸಿಜಿ, 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗೋ ಹಾಗಿದ್ರೆ ಕಳಿಸಿ, ಇಲ್ಲಾಂದ್ರೆ ಅಲ್ಲೇ ಹೆಪ್ಪು ಕರಗಿಸೋ ಸೂಜಿ. ಹಾಸನದಿಂದ ಮೈಸೂರು ಸುಮಾರು 120 ಕಿ.ಮೀ., ಬೆಂಗಳೂರು 185ರ ಆಸುಪಾಸು. ಶೃಂಗೇರಿ, ಕೊಪ್ಪದವರು ಆಗುಂಬೆ ಇಳಿದು ಮಣಿಪಾಲಕ್ಕೆ, ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ. ಜುಲೈನಲ್ಲಿ ಶಿರಾಡಿ ಘಾಟಿನಲ್ಲಿ ಮಣ್ಣು ಕುಸಿದ್ರೆ ಕಾಗದದ ಮೇಲಿನ 120 ನಿಮಿಷ ಅಲ್ಲೇ ಸತ್ತಿತು. ಹಾಗಾಗಿ ನಮ್ಮ ಕಡೆ ಬಹುಪಾಲು ಜನಕ್ಕೆ ತಾಲ್ಲೂಕು ಆಸ್ಪತ್ರೆಯ ಸೂಜಿಯೇ ಮೊದಲ ಚಿಕಿತ್ಸೆ, ಆಮೇಲೆ ಮೂರರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಮ್. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಮಾಡೋದೂ ಇದನ್ನೇ. ತಾಲ್ಲೂಕಿನಲ್ಲಿ ಇಸಿಜಿ, ದೊಡ್ಡ ಕೇಂದ್ರದಿಂದ ಓದಿ ಹೇಳೋದು, ಟೆನೆಕ್ಟೆಪ್ಲೇಸ್ ಅನ್ನೋ ಆ ಸೂಜಿ ಉಚಿತ.

ಕಟ್ಟಿನಕೆರೆ_ಇಸಿಜಿ
ಯೋಜನೆ ಸರಿ, ಕೆಡೋದು ಚಿಕ್ಕ ಚಿಕ್ಕ ಕಡೆ. ಟೆನೆಕ್ಟೆಪ್ಲೇಸ್ ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆಗೆ 30 ಮಿ.ಗ್ರಾಂ, ಅಲ್ಲಿಂದ ಹತ್ತು ಕೆ.ಜಿ.ಗೆ ಐದೈದು ಏರಿ, 90 ಮತ್ತು ಮೇಲೆ 50. ಎಲ್ಲರಿಗೂ 40 ಕೊಟ್ಟು ಕೈ ತೊಳ್ಕೊಳ್ಳೋದು ನಡೆಯುತ್ತೆ, ಯಾಕಂದ್ರೆ ಕ್ಯಾಶುಯಲ್ಟಿ ಪಕ್ಕದಲ್ಲಿ ತೂಕದ ಯಂತ್ರ ಇರಲ್ಲ. ಪುಡಿಗೆ ಸ್ಟೆರೈಲ್ ನೀರು ಹಾಕಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದ್ರೆ ನೊರೆ. ಡೆಕ್ಸ್ಟ್ರೋಸ್ ಹೋಗ್ತಿರೋ ಲೈನಿನಲ್ಲಿ ಹಾಕಿದ್ರೆ ಗಟ್ಟಿಯಾಗಿ ಕೂರುತ್ತೆ, ಮುಂಚೆ ಸಲೈನ್ ಹಾಯಿಸಬೇಕು. ಒಂದೇ ಬೋಲಸ್ (ಪೂರ್ತಿ ಔಷಧಿ ಒಂದೇ ಸಲಕ್ಕೆ), ಐದರಿಂದ ಹತ್ತು ಸೆಕೆಂಡ್. ಬಿಪಿ 180/110ರ ಮೇಲಿದ್ರೆ ಮೊದಲು ಇಳಿಸಿ. ಹಿಂದೆ ಮೆದುಳಿನ ರಕ್ತಸ್ರಾವ ಆಗಿದ್ರೆ ಮುಟ್ಟಲೇಬೇಡಿ.

ಸ್ಟೆತ್_ಅರಸೀಕೆರೆ
75 ದಾಟಿದವರಿಗೆ ಅರ್ಧ ಡೋಸ್ ಅಂತ ಸೇರಿಸಿ. ಅವರಿಗೆ ಹೆಪ್ಪುಗಟ್ಟದಂತೆ ಕೊಡೋ ಕ್ಲೊಪಿಡೋಗ್ರೆಲ್ ಕೂಡ 300 ಅಲ್ಲ, 75 ಮಿ.ಗ್ರಾಂ. ಮತ್ತೆ ಕೊಟ್ಟು ಮರೆಯೋ ಹಾಗಿಲ್ಲ, 60ರಿಂದ 90 ನಿಮಿಷಕ್ಕೆ ಇನ್ನೊಂದು ಇಸಿಜಿ. ಎಸ್‌ಟಿ (ಇಸಿಜಿಯಲ್ಲಿ ಏರಿದ್ದ ಗೆರೆ) ಅರ್ಧದಷ್ಟಾದ್ರೂ ಇಳಿದಿಲ್ಲ ಅಂದ್ರೆ ಔಷಧಿ ಸೋತಿದೆ, ಗಾಡಿ ಆಗಲೇ ಹೊರಡಬೇಕು.

ಕಟ್ಟಿನಕೆರೆ_ಇಸಿಜಿ
ಸರಿ, ಬಿಟ್ಟುಹೋಗಿತ್ತು.

ಬೇಲೂರು_ಬಾವಿಕಟ್ಟೆ
ಇಷ್ಟೆಲ್ಲ ಯಾಕೆ, ಪ್ರತಿ ತಾಲ್ಲೂಕಿಗೂ ಒಂದು ಕ್ಯಾತ್ ಲ್ಯಾಬ್ ಕೊಟ್ರೆ ಮುಗೀತಲ್ಲ? ಎಂಎಲ್‌ಎಗಳು ಕೇಳ್ತಾನೂ ಇದ್ದಾರೆ.

ಘಾಟಿ_ಆಂಬುಲೆನ್ಸ್
ಯಂತ್ರ ಕೊಡೋದು ಸುಲಭ, ರಿಬ್ಬನ್ ಕತ್ತರಿಸೋದು ಇನ್ನೂ ಸುಲಭ. ರಾತ್ರಿ-ಹಗಲು ನಡೆಸೋಕೆ ಮೂರು ನಾಲ್ಕು ಕಾರ್ಡಿಯಾಲಜಿಸ್ಟ್, ಪಾಳಿಗೆ ತಕ್ಕಷ್ಟು ಟೆಕ್ನಿಷಿಯನ್, ಐಸಿಸಿಯು ನರ್ಸ್‌ಗಳು ಬೇಕು. ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಪರವಾನಗಿ, ವಿಕಿರಣ ಸುರಕ್ಷತಾ ಅಧಿಕಾರಿ, ಸಿಬ್ಬಂದಿಗೆಲ್ಲ ವಿಕಿರಣ ಅಳೆಯೋ ಟಿಎಲ್‌ಡಿ ಬ್ಯಾಡ್ಜ್. ವಾರ್ಷಿಕ ನಿರ್ವಹಣಾ ಗುತ್ತಿಗೆ ತಪ್ಪಿದ ವರ್ಷ ಎಕ್ಸ್-ರೇ ಟ್ಯೂಬ್ ಹೋದ್ರೆ ಲ್ಯಾಬಿಗೆ ಬೀಗ. ಇನ್ನು ಕೈ: ಒಬ್ಬ ಡಾಕ್ಟರ್ ವರ್ಷಕ್ಕೆ ಕನಿಷ್ಠ 50, ಕೇಂದ್ರ ಕನಿಷ್ಠ 200 ಆಂಜಿಯೋಪ್ಲಾಸ್ಟಿ ಮಾಡ್ತಿರಬೇಕು ಅನ್ನೋದು ಅಮೆರಿಕದ ಸಂಘಗಳ ಅಳತೆ. ತಾಲ್ಲೂಕಿಗೊಂದು ಅಂದ್ರೆ ಯಾರಿಗೂ ಅಷ್ಟು ಕೇಸ್ ಬರಲ್ಲ. ಜಿಲ್ಲೆಗೊಂದು ಗಟ್ಟಿ ಕೇಂದ್ರ, ತಾಲ್ಲೂಕಿಗೆಲ್ಲ ಸೂಜಿ ಮತ್ತು ಡಿಫಿಬ್ರಿಲೇಟರ್ ಇರೋ ಗಾಡಿ. ತಮಿಳುನಾಡಿನಲ್ಲಿ ಆಸ್ಪತ್ರೆಗಳನ್ನು ಹೀಗೆ ಜೋಡಿಸಿ ನೋಡಿದಾಗ ಒಂದು ವರ್ಷದ ಸಾವು ಶೇ. 17.6ರಿಂದ 14.2ಕ್ಕೆ ಇಳೀತು. 2017ರಲ್ಲಿ ಪ್ರಕಟ ಆಗಿದೆ.

ಬೇಲೂರು_ಬಾವಿಕಟ್ಟೆ
ಅದನ್ನ ಎಂಎಲ್‌ಎಗೆ ಹೇಳೋರು ಯಾರು?

ರತ್ನಗಿರಿ_ಬೋರೆ
ಅದೇ ಈ ಚರ್ಚೆಯ ಪ್ರಶ್ನೆ ಅಲ್ವಾ! ಡಿಎಂ ಇರೋ ವ್ಯಕ್ತಿ ‘ಕ್ಯಾತ್ ಲ್ಯಾಬ್ ಇಲ್ಲಿ ಬೇಡ’ ಅಂದ್ರೆ ಕೇಳ್ತಾರೆ. ಬರೀ ಎಂಪಿಎಚ್ ಇರೋವ್ರು ಅಂದ್ರೆ, ‘ನಿಮಗೇನು ಗೊತ್ತು’ ಅಂತಾರೆ.

ಕಾಫಿ_ಕಣ
ಮಧ್ಯೆ ಬಾಯಿ ಹಾಕ್ತೀನಿ, ಕಾಫಿ ಹೃದಯಕ್ಕೆ ಕೆಟ್ಟದ್ದಾ?

ಮಲ್ನಾಡ್_ಮಾರಾಯ
ಚಿಕ್ಕಮಗಳೂರಿನವರ ಎದುರು ಇದನ್ನ ಕೇಳೋಕೆ ಎದೆಗಾರಿಕೆ ಬೇಕು.

ಸ್ಟೆತ್_ಅರಸೀಕೆರೆ
ದಿನಕ್ಕೆ ಎರಡು ಮೂರು ಲೋಟಕ್ಕೆ ಏನೂ ಆಗಲ್ಲ. ಸೋಸದೆ ಕುದಿಸಿದ ಕಾಫಿಯಲ್ಲಿ ಕೆಫೆಸ್ಟಾಲ್ ಅಂತ ಇರುತ್ತೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿಸುತ್ತೆ. ಪೇಪರ್ ಫಿಲ್ಟರ್ ಅದನ್ನ ಹಿಡಿಯುತ್ತೆ, ನಮ್ಮ ಸ್ಟೀಲ್ ಫಿಲ್ಟರ್ ಅಷ್ಟಾಗಿ ಹಿಡಿಯಲ್ಲ. ಜೊತೆಗೆ ಸೇದೋ ಸಿಗರೇಟಿನ ಚಿಂತೆ ಮೊದಲು ಮಾಡಿ.

ಎಸ್ಟೇಟ್_ದವಾಖಾನೆ
ಎಲ್ಲರೂ ಸ್ಟೆಂಟು, ಸೂಜಿ ಅಂತಿದ್ದೀರಿ. ಬಡವರ ಹೃದ್ರೋಗ ಯಾರೂ ಹೇಳ್ತಿಲ್ಲ. ರುಮ್ಯಾಟಿಕ್ ಹಾರ್ಟ್, ಗಂಟಲು ಸೋಂಕಿನಿಂದ ಶುರುವಾಗಿ ಹೃದಯದ ಕವಾಟ ಕೆಡೋ ಕಾಯಿಲೆ. ಎಸ್ಟೇಟ್ ಕೂಲಿಗಳ ಲೈನ್ ಮನೆಗಳಲ್ಲಿ ಒತ್ತೊತ್ತಾಗಿ ಇರೋ ಮಕ್ಕಳಿಗೆ ಗಂಟಲು ನೋವು, ಕೀಲು ನೋವು, ಇಪ್ಪತ್ತಕ್ಕೆ ಮೈಟ್ರಲ್ ಕವಾಟ ಕಿರಿದು, ಬಸುರಿಯಾದಾಗ ಉಸಿರು ಕಟ್ಟಿ ಬರ್ತಾರೆ. ತಡೆಯೋಕೆ ಬೇಕಾದ್ದು ಬೆಂಜಥೈನ್ ಪೆನಿಸಿಲಿನ್, 12 ಲಕ್ಷ ಯೂನಿಟ್, ಮೂರು-ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ. ಔಷಧಿ ಅಗ್ಗ. ಅದಕ್ಕೇ ತಯಾರಿಸೋರಿಗೆ ಆಸಕ್ತಿ ಇಲ್ಲ, ಪದೇ ಪದೇ ದಾಸ್ತಾನು ಖಾಲಿ. ಇದ್ದರೂ ಪಿಎಚ್‌ಸಿಯಲ್ಲಿ ಅಲರ್ಜಿ ಭಯಕ್ಕೆ ಹಾಕಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ ಅಂತಾರೆ. ಒಂದು ದಿನದ ಕೂಲಿ ಬಿಟ್ಟು ಯಾರು ಹೋಗ್ತಾರೆ? ಎರಡು ಸಲ ತಪ್ಪಿಸಿ ಮೂರನೇ ಸಲಕ್ಕೆ ಬಿಟ್ಟೇ ಬಿಡ್ತಾರೆ. ಪಿಎಚ್‌ಸಿಯಲ್ಲಿ ಅಡ್ರಿನಲಿನ್ ತುಂಬಿದ ಟ್ರೇ, ಕಲಿತ ಒಬ್ಬ ನರ್ಸ್, 21 ನಂಬರಿನ ಸೂಜಿ ಇಷ್ಟಿದ್ರೆ ಸಾಕು. ಸಣ್ಣ ಸೂಜಿ ಹಾಕಿದ್ರೆ ಮಧ್ಯದಲ್ಲೇ ಕಟ್ಟಿಕೊಳ್ಳುತ್ತೆ, ಮತ್ತೆ ಚುಚ್ಚಬೇಕು, ಮಗು ಮುಂದಿನ ತಿಂಗಳು ಬರಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಭೆ ಇದರ ಬಗ್ಗೆ ನಿರ್ಣಯ ಮಾಡಿತು. ನಿರ್ಣಯ ಜಿನೀವಾದಲ್ಲಿದೆ, ಪೆನಿಸಿಲಿನ್ ಬಾಟ್ಲಿ ಇಲ್ಲಿಲ್ಲ.

ಛೇದ_ಎಲ್ಲಿ
ಇದು ಈ ಚರ್ಚೆಯಲ್ಲೇ ಅತ್ಯುತ್ತಮ ವಿಷಯ. ಡಿಎಂ ಪ್ರಬಂಧಕ್ಕೂ ಆಗುತ್ತೆ.

ಕಾರ್ಡ್_ಕೌಂಟರ್
ಸ್ಟೆಂಟಿನ ನೀತಿ ಗೊತ್ತಿರಲಿ. 2017ರ ಫೆಬ್ರವರಿಯಲ್ಲಿ ಔಷಧ ಬೆಲೆ ನಿಯಂತ್ರಿಸೋ ಎನ್‌ಪಿಪಿಎ ಔಷಧ ಲೇಪಿತ ಸ್ಟೆಂಟಿಗೆ 29,600, ಬರೀ ಲೋಹದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಅಲ್ಲಿಯವರೆಗೆ ಲಕ್ಷ ದಾಟ್ತಿತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30, ಮಿತಿ ಒಂದೂವರೆ ಲಕ್ಷ. ತುರ್ತು ಇದ್ರೆ ರೆಫರಲ್ ಪತ್ರ ಬೇಡ, ಇದು ಗೊತ್ತಿಲ್ಲದೆ ಪತ್ರಕ್ಕೆ ಅಲೆದಾಡ್ತಾರೆ.

ನಿಜವಾದ ತೂತು ಡಿಸ್ಚಾರ್ಜ್ ಆದ ಮೇಲೆ. ಪ್ಯಾಕೇಜಿನಲ್ಲಿ ಹದಿನೈದು ದಿನದ ಮಾತ್ರೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ಸಾಮಾನ್ಯವಾಗಿ ಒಂದು ವರ್ಷ ನುಂಗಬೇಕು. ಮಾತ್ರೆ ಖಾಲಿ ಆಯ್ತು, ನೋವೂ ಇಲ್ಲ ಅಂತ ನಿಲ್ಲಿಸಿದ್ರೆ ಸ್ಟೆಂಟೊಳಗೆ ಹೆಪ್ಪುಗಟ್ಟಿ ಮೊದಲಿಗಿಂತ ದೊಡ್ಡ ಹೃದಯಾಘಾತ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್, ಹೃದ್ರೋಗ ನೋಡೋ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಆ ಎರಡು ಮಾತ್ರೆ ಮತ್ತೆ ಕೊಲೆಸ್ಟ್ರಾಲಿನ ಅಟಾರ್ವಸ್ಟಾಟಿನ್ ತಿಂಗಳು ತಿಂಗಳು ಸಿಗೋ ಹಾಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿಸೋದು, ಯಾವ ವಿದೇಶಿ ಪದವಿಗಿಂತ ದೊಡ್ಡ ನೀತಿ ಕೆಲಸ.

ಹೇಮಾವತಿ_ದಂಡೆ
ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಓದೋದು ಎಲ್ಲಿ, ಶುರು ಎಲ್ಲಿಂದ ಅಂತ ಸ್ವಲ್ಪ ಹೇಳಿ.

ರತ್ನಗಿರಿ_ಬೋರೆ
ಎಂಡಿಯಲ್ಲಿ ಐಸಿಎಂಆರ್-ಎನ್‌ಐಇ ನಡೆಸೋ ಬಯೋಮೆಡಿಕಲ್ ರಿಸರ್ಚ್ ಕೋರ್ಸ್ ಹೇಗೂ ಕಡ್ಡಾಯ. ಕ್ಲಿಕ್ ಮಾಡಿ ಮುಗಿಸದೆ ನಿಜವಾಗ್ಲೂ ಕೇಳಿ. ಜಿಲ್ಲಾ ರೆಸಿಡೆನ್ಸಿ (ಎಂಡಿ ಮಧ್ಯೆ ಜಿಲ್ಲಾ ಮಟ್ಟದಲ್ಲಿ ಮಾಡೋ ಕೆಲಸ), ಅದರ ಮೂರು ತಿಂಗಳು ಎಲ್ಲರೂ ರಜೆ ಅಂತ ಕಳೀತಾರೆ. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿ, ಔಷಧ ಉಗ್ರಾಣ, ಜಿಲ್ಲೆಯ ಕೆಲಸ ಪರಿಶೀಲಿಸೋ ಕೆಡಿಪಿ ಸಭೆಗೆ ಹೋಗೋ ವರದಿ ಹೇಗೆ ತಯಾರಾಗುತ್ತೆ, ಇದನ್ನೆಲ್ಲ ಹತ್ತಿರದಿಂದ ನೋಡೋಕೆ ಅದಕ್ಕಿಂತ ಒಳ್ಳೇ ಅವಕಾಶ ಇಲ್ಲ. ಡಿಎಂಗೆ ಕಾಲೇಜು ಆರಿಸುವಾಗ ತಿರುವನಂತಪುರದ ಶ್ರೀ ಚಿತ್ರಾ, ಬೆಂಗಳೂರಿನ ಸೇಂಟ್ ಜಾನ್ಸ್ ನೋಡಿ. ಮೊದಲನೆಯದರಲ್ಲಿ ಕಾರ್ಡಿಯಾಲಜಿಯೂ ಅಚ್ಯುತ ಮೆನನ್ ಕೇಂದ್ರದ ಎಂಪಿಎಚ್ಚೂ ಒಂದೇ ಸಂಸ್ಥೆ, ಎರಡನೆಯದರಲ್ಲಿ ಸಂಶೋಧನಾ ಸಂಸ್ಥೆ ಪಕ್ಕದಲ್ಲೇ. ಕೇಸಿನ ಸಂಖ್ಯೆ ಬೇಕು ಅಂದ್ರೆ ಜಯದೇವ. ಡಿಎಂ ಆದ ಮೇಲೆ ಪೂರ್ಣಾವಧಿ ಎರಡು ವರ್ಷ ಬಿಡೋಕಾಗದಿದ್ರೆ ಲಂಡನ್ ಸ್ಕೂಲ್ ಆಫ್ ಹೈಜೀನ್‌ನ ದೂರಶಿಕ್ಷಣದ ಎಂಎಸ್ಸಿ ಇದೆ, ಕೆಲಸ ಮಾಡ್ತಾ ಮುಗಿಸಬಹುದು. ಶುಲ್ಕ ಮಾತ್ರ ಪೌಂಡಿನಲ್ಲಿ.

ಕಟ್ಟಿನಕೆರೆ_ಇಸಿಜಿ
ನಾನು ಇನ್ನೂ ಡಿಎಂ ಮೊದಲು ಅಂತಲೇ ಹೇಳ್ತೀನಿ.

ರತ್ನಗಿರಿ_ಬೋರೆ
ನಾನೂ ಅದನ್ನೇ ಹೇಳಿದ್ದು, ಪೂರ್ತಿ ಓದಿ.

ಘಾಟಿ_ಆಂಬುಲೆನ್ಸ್
ಶುರು ಮಾಡೋಕೆ ಒಂದು ಎಕ್ಸೆಲ್ ಹಾಳೆ ಸಾಕು. ಪ್ರತಿ ಹೃದಯಾಘಾತಕ್ಕೂ ಸಮಯಗಳು: ನೋವು ಶುರು, ಮೊದಲು ಯಾರ ಹತ್ರ ಹೋದ್ರು, ಮೊದಲ ಇಸಿಜಿ, ಸೂಜಿ, ಗಾಡಿ ಹೊರಟಿದ್ದು, ದೊಡ್ಡಾಸ್ಪತ್ರೆ ತಲುಪಿದ್ದು. ಜೊತೆಗೆ ಹೋಬಳಿ, ಬಂದ ವಾಹನ, ತಡಕ್ಕೆ ಕಾರಣ. ಹೆಸರು, ಫೋನ್ ನಂಬರ್ ಬೇಡ, ಸಂಕೇತ ಸಂಖ್ಯೆ ಇರಲಿ. ನೂರು ಕೇಸಾದ ಮೇಲೆ ಹೋಬಳಿವಾರು ಹಾಕಿ, ಒಂದೇ ಪುಟದ ಕನ್ನಡ ಟಿಪ್ಪಣಿ ಮಾಡಿ ಡಿಎಚ್‌ಒಗೆ ಕೊಡಿ. ಎರಡನೇ ಪುಟ ಯಾರೂ ಓದಲ್ಲ.

ಸ್ಟೆತ್_ಅರಸೀಕೆರೆ
ಸಮಯ ಬರೆಯೋ ಮುಂಚೆ ಇಸಿಜಿ ಯಂತ್ರದ ಗಡಿಯಾರ ನೋಡಿ. ಬ್ಯಾಟರಿ ಸತ್ತು ಎದ್ದ ಯಂತ್ರ ಯಾವುದೋ ಹಳೇ ತಾರೀಖು ಹಾಕಿರುತ್ತೆ. ಕ್ಯಾಶುಯಲ್ಟಿ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ, ನರ್ಸ್ ಮೊಬೈಲ್ ಸರಿ. ಮೂರೂ ಬೆರೆಸಿದ್ರೆ ಇಸಿಜಿಗಿಂತ ಮುಂಚೆ ಸೂಜಿ ಹಾಕಿದಂತೆ ಲೆಕ್ಕ ಬರುತ್ತೆ. ನೋವು ಶುರುವಾದ ಸಮಯ ಕೇಳಿದ್ರೆ ಎಲ್ಲರೂ ಗುಂಡಾಗಿ ಹತ್ತು ಗಂಟೆ, ಹನ್ನೆರಡು ಗಂಟೆ ಅಂತಾರೆ. ‘ಹಾಲು ಕರೆದ ಮೇಲಾ, ಬಸ್ ಬಂದ ಮೇಲಾ’ ಅಂತ ಕೇಳಿದ್ರೆ ಹತ್ತಿರ ಬರುತ್ತೆ.

ಫಾರಂ_ನಾಲ್ಕು
ಮತ್ತೆ ಇಂಥ ಅಧ್ಯಯನಕ್ಕೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿ ಯಾವಾಗ ಸೇರುತ್ತೆ ಅಂತ ಈ ವಾರವೇ ಕೇಳಿ. ಕೆಲವು ಕಡೆ ಮೂರು ತಿಂಗಳಿಗೊಮ್ಮೆ. ಒಪ್ಪಿಗೆಗೆ ಮುಂಚೆ ಸೇರಿಸಿದ ಕೇಸುಗಳನ್ನು ಆಮೇಲೆ ಪ್ರಕಟಿಸೋದು ಕಷ್ಟ ಆಗುತ್ತೆ.

ಹೇಮಾವತಿ_ದಂಡೆ
ನಾಳೆನೇ ಕೇಳ್ತೀನಿ. ಆ ಪೆನಿಸಿಲಿನ್ ವಿಚಾರಕ್ಕೆ ಬೇರೆ ಚರ್ಚೆ ತೆರೀತೀನಿ, ಎಸ್ಟೇಟ್_ದವಾಖಾನೆ ದಯವಿಟ್ಟು ಬನ್ನಿ.